ಮಂಡಿ ಹೌಸಿನ ಬಯಲಾಟ

ಕಛೇರಿಯಲ್ಲಿ ನಡೆದ ಸಂಗೀತವನ್ನು ನಡೆದಂತೆಯೇ ಯಂತ್ರದಲ್ಲಿ ಹಿಡಿದು, ಅದನ್ನೇ ಮುದ್ರಿಕೆಯಾಗಿ ಹೊರತಂದರೆ ನಮ್ಮ ಕೈಗೆ ಬರುವುದು ಸಂಗೀತವೋ, ಸಂಗೀತದ ನೆನಪೋ? ನೆನಪೇ ಎನ್ನುವವರು ಬಹಳ ಮಂದಿ. ಅವರ ಮಾತನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಮದುವೆಯ ಪಟವನ್ನು ಗೋಡೆಗೆ ತೂಗುಹಾಕಿದ ಮಾತ್ರಕ್ಕೆ ಮದುವೆಯ ಊಟ ಉಂಡಂತಾಗುವುದಿಲ್ಲ. ರಸಿಕನಿಗೆ ಬೇಕಾದುದು ಒಂದೋ ಎದುರಿಗೆ ಕುಳಿತು ಕೇಳುವ ಸುಖ. ಅದು ದಕ್ಕದಿದ್ದರೆ, ಮುಚ್ಚಿದ ಸ್ಟುಡಿಯೋದಲ್ಲಿ ತಪ್ಪಿದ್ದನ್ನು ತಿದ್ದಿ, ಕೆಮ್ಮಿದ್ದನ್ನು ಅಳಿಸಿ, ಹದಮಾಡಿ ಕೊಟ್ಟ ಶುದ್ಧಪ್ರತಿ. ಇವೆರಡರ ನಡುವಿನ ಈ ಮೂರನೆಯದು, ಲೈವ್ ಆಲ್ಬಮ್ ಎಂದು ಕರೆಸಿಕೊಳ್ಳುವುದು, ಯಾರಿಗೆ ಬೇಕು?

ಹೀಗೆ ಕೇಳುವವರು ಒಮ್ಮೆ ಕಿವಿಗೊಡಬೇಕಾದ ಮುದ್ರಿಕೆಯೊಂದಿದೆ. ಹೆಸರು 'ಡೆಸರ್ಟ್ ರೇನ್'. ಮರುಭೂಮಿಯ ಮಳೆ ಎಂದರ್ಥ. ದೆಹಲಿಯ 'ಇಂಡಿಯನ್ ಓಷನ್' ತಂಡದ ಎರಡನೆಯ ಮುದ್ರಿಕೆ ಇದು. 1997ರ ಜನವರಿ 1ರಂದು ದೆಹಲಿಯ ಮಂಡಿ ಹೌಸಿನ ಬಳಿ ನಡೆದ ಕಾರ್ಯಕ್ರಮದಲ್ಲಿ ನುಡಿಸಿದ್ದನ್ನು ಅಲ್ಲಿಯೇ ಹಿಡಿದು ಅದೇ ವರ್ಷ ಹೊರತಂದರು. ಆ ಕಾರ್ಯಕ್ರಮ ರಾಕ್ ರಸಿಕರಿಗಾಗಿ ಟಿಕೇಟು ಇಟ್ಟು ನಡೆಸಿದ ಕೂಟವಾಗಿರಲಿಲ್ಲ. ಬೀದಿನಾಟಕಕಾರ ಸಫ್ದರ್ ಹಾಶ್ಮಿ 1989ರ ಹೊಸವರ್ಷದ ದಿನ ಸಾಹಿಬಾಬಾದಿನಲ್ಲಿ ನಾಟಕವಾಡುತ್ತಿದ್ದಾಗ ಹಲ್ಲೆಗೀಡಾಗಿ ಮರುದಿನ ತೀರಿಕೊಂಡರು. ಅವರ ಹೆಸರಿನಲ್ಲಿ ಹುಟ್ಟಿದ 'ಸಹಮತ್' ಸಂಸ್ಥೆ ಅಂದಿನಿಂದ ಪ್ರತಿ ಜನವರಿ ಒಂದರಂದು ಕಲಾವಿದರನ್ನು ಕರೆಸಿ ನಡೆಸಿಕೊಂಡು ಬಂದ ಸಭೆ ಅದು. 'ಸಮುದಾಯ'ದ ಬೀದಿನಾಟಕಗಳನ್ನು ಕಂಡ ನಮ್ಮ ಊರಿನ ಹಿರಿಯರಿಗೆ ಇಂಥ ಸಭೆಯ ಚಹರೆ ಗೊತ್ತಿರುತ್ತದೆ. ಬಯಲು, ಚಳಿ, ಬಂದು ಹೋಗುವ ಜನ, ಸಂಗೀತಕ್ಕೆಂದೇ ಬಂದವರು ಸ್ವಲ್ಪ, ಬೇರೆ ಕಾರಣಕ್ಕೆ ಬಂದು ನಿಂತವರು ಬಹಳ. ಅಂಥ ಕಡೆ ಹಾಡಿನ ಮಾತಿನ ನೆರವನ್ನು ಹೆಚ್ಚು ಪಡೆಯದೆ, ದೀರ್ಘವಾದ ವಾದ್ಯರಚನೆಗಳನ್ನು ನುಡಿಸುವುದೆಂದರೆ ಧೈರ್ಯದ ಕೆಲಸ.

ತಂಡದ ಪರಿಚಯವನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಗಿಟಾರಿನ ಸುಸ್ಮಿತ್ ಸೇನ್, ತಬಲಾ ಮತ್ತು ಹಾಡಿನ ಅಶೀಮ್ ಚಕ್ರವರ್ತಿ 1984ರಿಂದ ಕೂಡಿ ನುಡಿಸುತ್ತಿದ್ದವರು. 1990ರಲ್ಲಿ ತಂಡಕ್ಕೆ ಈಗಿನ ಹೆಸರು ಬಂತು. ಮರುವರ್ಷ ಬಾಸ್ ಗಿಟಾರಿನ ರಾಹುಲ್ ರಾಮ್ ಬಂದು ಸೇರಿದರು. 1994ರಲ್ಲಿ ಡ್ರಮ್ಮಿಗೆ ಅಮಿತ್ ಕಿಲಮ್. ಮೊದಲ ಮುದ್ರಿಕೆ 1993ರಲ್ಲಿ ಎಚ್.ಎಮ್.ವಿ.ಯಿಂದ ಬಂದಿತ್ತು. ಎರಡು ಮೂರು ನಿಮಿಷದ ಹಾಡಿನ ಚೌಕಟ್ಟನ್ನು ಬಿಟ್ಟು, ಹತ್ತು ಹದಿನೈದು ನಿಮಿಷ ಬೆಳೆಯುವ ರಚನೆಗಳನ್ನು ಕಟ್ಟುವ ರಾಕ್ ಸಂಗೀತವನ್ನು ಪಶ್ಚಿಮದವರು ಆರ್ಟ್ ರಾಕ್ ಎಂದು ಕರೆದರು. ಆ ಹೆಸರು ಇವರಿಗೆ ಪೂರ್ತಿ ಒಪ್ಪದಿದ್ದರೂ ಹತ್ತಿರದ ಹೆಸರು ಅದೇ.

ಕನ್ನಡಿಗರಾದ ನಮಗೆ ಈ ತಂಡದಲ್ಲಿ ಇನ್ನೊಂದು ನಂಟೂ ಉಂಟು. ರಾಹುಲ್ ರಾಮ್ ಸಸ್ಯಶಾಸ್ತ್ರಜ್ಞ ಎಚ್.ವೈ. ಮೋಹನರಾಮರ ಮಗ, ಸಂಸ್ಕೃತ ವಿದ್ವಾಂಸರೂ ವಾಗ್ಗೇಯಕಾರರೂ ಆಗಿದ್ದ ಹೊಳೆನರಸೀಪುರದ ಯೋಗಾನರಸಿಂಹಂ ಅವರ ಮೊಮ್ಮಗ. ದೊಡ್ಡಪ್ಪ ಎಚ್.ವೈ. ಶಾರದಾಪ್ರಸಾದರು ಪ್ರಧಾನಮಂತ್ರಿ ಇಂದಿರಾ ಗಾಂಧಿಯವರ ವಾರ್ತಾ ಸಲಹೆಗಾರರಾಗಿದ್ದವರು. ನಮ್ಮ ಕಾರಂತರ 'ಹುಚ್ಚು ಮನಸ್ಸಿನ ಹತ್ತು ಮುಖಗಳು' ಇಂಗ್ಲಿಷಿಗೆ ಹೋದದ್ದು ಅವರ ಲೇಖನಿಯಿಂದ. ಇಷ್ಟು ಹೇಳಿದ ಮೇಲೆ, ಅಜ್ಜನ ಕೃತಿಗಳ ಗಮಕ ಮೊಮ್ಮಗನ ಬಾಸ್ ತಂತಿಯಲ್ಲಿ ಮಿಡಿಯುತ್ತದೆ ಎಂದು ಬರೆದುಬಿಡಲು ಲೇಖನಿ ತವಕಿಸುತ್ತದೆ. ಬರೆಯಲಾರೆ, ಏಕೆಂದರೆ ಅದು ಕೇಳಿಸುವುದಿಲ್ಲ. ರಕ್ತದಲ್ಲಿ ಸಂಗೀತ ಹರಿಯುತ್ತದೆಂಬುದು ಸನ್ಮಾನ ಸಭೆಗಳಿಗೆ ತಕ್ಕ ಮಾತು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಪರಿಸರ ವಿಷಶಾಸ್ತ್ರದ ಡಾಕ್ಟರೇಟು ಪಡೆದು ಬಂದು, 1990ರ ದಶಕದ ಮೊದಲ ವರ್ಷಗಳಲ್ಲಿ ನರ್ಮದಾ ಬಚಾವೋ ಆಂದೋಲನದಲ್ಲಿ ದುಡಿದ ಈ ಮನುಷ್ಯನ ಸಂಗೀತದಲ್ಲಿ ಮನೆಯ ಜಗಲಿಗಿಂತ ಹೊಳೆಯ ದಂಡೆಯ ಸದ್ದೇ ಹೆಚ್ಚು. ನಂಟನ್ನು ಹೇಳಿದ್ದು ಇಷ್ಟಕ್ಕೇ: ದೆಹಲಿಯ ಬಯಲಿನಲ್ಲಿ ನಡೆದ ಈ ಸಂಗತಿ ನಮಗೆ ತೀರ ಹೊರಗಿನದೆಂದು ಯಾರೂ ಮೂಗು ಮುರಿಯಬೇಕಾಗಿಲ್ಲ.

ಮೂಗು ಮುರಿಯಲು ಇನ್ನೊಂದು ಕಾರಣವನ್ನೂ ಹೇಳುವವರಿದ್ದಾರೆ. ಗಿಟಾರಿನ ಜೊತೆ ತಬಲಾ, ತಬಲಾದ ಪಕ್ಕದಲ್ಲಿ ಡ್ರಮ್ಮು: ಇದು ಕಲಬೆರಕೆ ಎಂದು. ಬೇರೆ ಊರಿನವರು ಹೀಗೆಂದರೆ ಕ್ಷಮಿಸಬಹುದು. ಮಂಗಳೂರಿನವರು ಅನ್ನಬಾರದು. ನಮ್ಮ ಮದುವೆಯ ಮಂಟಪದಲ್ಲಿ, ನಮ್ಮ ದೇವಸ್ಥಾನದ ಉತ್ಸವದಲ್ಲಿ, ಭೂತಕೋಲದ ಅಂಗಳದಲ್ಲಿ ಮಂಗಳವಾದ್ಯವಾಗಿ ಊದುತ್ತಿರುವುದು ಬೆಲ್ಜಿಯಮ್ಮಿನವನೊಬ್ಬ ಕಂಡುಹಿಡಿದ ಸ್ಯಾಕ್ಸೊಫೋನು. ಅದನ್ನು ಯಾರೂ ಪರಕೀಯವೆನ್ನುವುದಿಲ್ಲ. ಬಂಟ್ವಾಳದ ಸಜಿಪದ ನಾಗಸ್ವರದವರ ಮನೆಯ ಹುಡುಗ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಆ ವಾದ್ಯವನ್ನು ಕಂಡು ಮರುಳಾಗಿ, ಮಂಗಳೂರಿನ ಕಲಾನಿಕೇತನದ ಗೋಪಾಲಕೃಷ್ಣ ಅಯ್ಯರರಲ್ಲಿ ಪಾಠ ಹೇಳಿಸಿಕೊಂಡು, 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಬಿ.ಬಿ.ಸಿ. ಪ್ರಾಮ್ಸ್ ಉತ್ಸವದಲ್ಲಿ ಕರ್ನಾಟಕ ಸಂಗೀತ ನುಡಿಸಿದ ಕತೆ ನಮ್ಮೂರಿನದೇ; 2019ರಲ್ಲಿ ತೀರಿಕೊಂಡ ಕದ್ರಿ ಗೋಪಾಲನಾಥರ ಕತೆ. ಅದಕ್ಕೂ ಹಿಂದೆ ಕಾರಂತರು ತಮ್ಮ ಯಕ್ಷಗಾನ ಬ್ಯಾಲೆಗೆ ಪಿಟೀಲನ್ನೂ ಸ್ಯಾಕ್ಸೊಫೋನನ್ನೂ ತಂದು ಕೂರಿಸಿದಾಗ ಎದ್ದ ಗದ್ದಲ ಇಲ್ಲಿ ಇನ್ನೂ ಪೂರ್ತಿ ತಣ್ಣಗಾಗಿಲ್ಲ. ಆದ್ದರಿಂದ ವಾದ್ಯ ಎಲ್ಲಿಯದು ಎಂಬ ವಿಚಾರಣೆಯನ್ನು ಬದಿಗಿಡೋಣ. ಅದು ಬಂದ ಮೇಲೆ ಏನು ಕೆಲಸ ಮಾಡಿತು ಎಂಬುದನ್ನಷ್ಟೇ ಕೇಳೋಣ.

ಈ ಮುದ್ರಿಕೆಯ ಗುಣವನ್ನು ತಿಳಿಯಲು ನಮಗೆ ಅತ್ಯಂತ ಹತ್ತಿರದ ಅಳತೆಗೋಲು ಸಿಗುವುದು ಯಕ್ಷಗಾನದಲ್ಲಿ. ಕ್ಯಾಸೆಟ್ಟು ಮನೆಮನೆಗೆ ಬಂದ ಕಾಲದಿಂದ ಈ ಕರಾವಳಿಯಲ್ಲಿ ಎರಡು ಬಗೆಯ ಯಕ್ಷಗಾನ ಮುದ್ರಿಕೆಗಳು ಓಡಾಡಿವೆ. ಒಂದು, ಕಂಪನಿಯವರು ಸ್ಟುಡಿಯೋದಲ್ಲಿ ಭಾಗವತರನ್ನೂ ಅರ್ಥಧಾರಿಗಳನ್ನೂ ಕೂರಿಸಿ ಮಾಡಿದ್ದು. ಇನ್ನೊಂದು, ಯಾರೋ ಅಭಿಮಾನಿ ರಂಗಸ್ಥಳದ ಪಕ್ಕದಲ್ಲಿ ಟೇಪ್ ರೆಕಾರ್ಡರು ಇಟ್ಟುಕೊಂಡು ಕುಳಿತು ರಾತ್ರಿಯಿಡೀ ಹಿಡಿದದ್ದು. ಮೊದಲನೆಯದರಲ್ಲಿ ಸಾಹಿತ್ಯ ಸ್ಪಷ್ಟ, ಶ್ರುತಿ ಸ್ವಚ್ಛ. ಎರಡನೆಯದರಲ್ಲಿ ಜನರೇಟರಿನ ಗುಂಯ್‌ಗುಡುವಿಕೆ, ಮಗುವಿನ ಅಳು, ಕಡಲೆ ಮಾರುವವನ ಕೂಗು. ಆದರೂ ಬಲ್ಲವರು ಪ್ರಾಣದಂತೆ ಕಾಪಾಡಿಕೊಂಡು ಬಂದದ್ದು ಈ ಎರಡನೆಯದನ್ನು. ಸಾಲಿಗ್ರಾಮ ಮೇಳದ ಕಾಳಿಂಗ ನಾವಡರು ಬಡಗಿನವರಾದರೂ ತೆಂಕಿನ ನಮ್ಮವರ ಮನೆಗಳಲ್ಲಿಯೂ ಅವರ ಆಟದ ಟೇಪುಗಳು ಇದ್ದವು. 1990ರಲ್ಲಿ ಅಪಘಾತದಲ್ಲಿ ಅವರು ಹೋದಾಗ ವಯಸ್ಸು ಇನ್ನೂ ಮೂವತ್ತೊಂದೋ ಮೂವತ್ತೆರಡೋ. ಅವರನ್ನು ರಂಗದಲ್ಲಿ ಕಾಣದೆಯೇ ಬೆಳೆದ ತಲೆಮಾರು ಇವತ್ತಿಗೂ ಅವರ ಪದ್ಯವನ್ನು ಅನುಕರಿಸುವುದು ಆ ಸದ್ದುಗದ್ದಲದ ಟೇಪುಗಳನ್ನು ಕೇಳಿ.

ಇದಕ್ಕೆ ಕಾರಣ ಬರಿಯ ಅಭಿಮಾನವೆಂದು ನನಗೆ ತೋರುವುದಿಲ್ಲ. ಆಟದಲ್ಲಿ ಭಾಗವತರು ಒಂದು ಏರುಪದವನ್ನು ಎತ್ತಿಕೊಂಡರೆನ್ನಿ. ಅದರ ಸಾಲನ್ನು ಎಷ್ಟು ಸಲ ತಿರುಗಿಸಿ ಹಾಡಬೇಕು? ಪುಸ್ತಕದಲ್ಲಿ ಬರೆದಿಲ್ಲ. ವೇಷಧಾರಿಯ ಕಾಲು ಇನ್ನೂ ಬೇಡುತ್ತಿದೆಯೇ, ಚೆಂಡೆಯವನ ಕೈಯಲ್ಲಿ ಇನ್ನೂ ಕಸುವಿದೆಯೇ, ಎದುರು ಕುಳಿತವರ ಬೆನ್ನು ನೆಟ್ಟಗಾಗಿದೆಯೇ ಎಂದು ನೋಡಿ ನೋಡಿ ಅವರು ತೀರ್ಮಾನಿಸುತ್ತಾರೆ. ಐದು ಸಲವಾಗಬಹುದು, ಹದಿನೈದು ಸಲವಾಗಬಹುದು. ಆ ಲೆಕ್ಕ ಆ ರಾತ್ರಿ, ಆ ಬಯಲಿನಲ್ಲಿ ಹುಟ್ಟಿದ್ದು. ಸ್ಟುಡಿಯೋದಲ್ಲಿ ವೇಷ ಇಲ್ಲ, ಜನ ಇಲ್ಲ. ಎದುರಿಗಿರುವುದು ಗೋಡೆಯ ಗಡಿಯಾರ. ಅಲ್ಲಿ ಸಾಲು ಎಷ್ಟು ಸಲ ಬರಬೇಕೆಂಬುದನ್ನು ಕ್ಯಾಸೆಟ್ಟಿನ ಉದ್ದ ಹೇಳುತ್ತದೆ. ಕಂಠ ಅದೇ, ರಾಗ ಅದೇ, ಮದ್ದಳೆ ಅದೇ. ಕಾಲ ಮಾತ್ರ ಬೇರೆ. ನೇರ ಮುದ್ರಿಕೆಯಿಂದ ನಮಗೆ ದೊರಕುವುದು ಈ ಕಾಲ. ಚಪ್ಪಾಳೆ, ಶಿಳ್ಳೆ, ಜನರ ಗದ್ದಲ ಇವೆಲ್ಲ ಅದರ ಹೊರಗಿನ ಸಾಮಾನು.

'ಡೆಸರ್ಟ್ ರೇನ್' ಮುದ್ರಿಕೆಯನ್ನು ಈ ಕಿವಿಯಿಂದ ಕೇಳಿದರೆ ಅದರ ಬೆಲೆ ತಿಳಿಯುತ್ತದೆ. ಇದರ ರಚನೆಗಳು ಒಂದು ಸಣ್ಣ ಸ್ವರಗುಚ್ಛವನ್ನು ಹಿಡಿದು ಹೊರಡುತ್ತವೆ. ಸುಸ್ಮಿತ್ ಸೇನರು ಗಿಟಾರನ್ನು ಯಾರಲ್ಲಿಯೂ ಕ್ರಮವಾಗಿ ಕಲಿತವರಲ್ಲ. ರಾಕ್ ಎಂದೊಡನೆ ನಾವು ನಿರೀಕ್ಷಿಸುವ, ವಿದ್ಯುತ್ತಿನಿಂದ ಒಡೆದು ಗರಗರಗುಟ್ಟುವ ನಾದ ಅವರಲ್ಲಿಲ್ಲ. ಒಂದು ತಂತಿಯಲ್ಲಿ ರಾಗದಂತಹ ಎಳೆ ಓಡುತ್ತಿದ್ದರೆ ಪಕ್ಕದ ತೆರೆದ ತಂತಿಗಳು, ಸಿತಾರಿನ ಚಿಕಾರಿಯಂತೆ, ಆಧಾರಸ್ವರವನ್ನು ಮೀಟುತ್ತಲೇ ಇರುತ್ತವೆ. ರಾಗದಂತಹ ಎಂದದ್ದು ತಿಳಿದೇ. ಶಾಸ್ತ್ರೀಯ ಸಂಗೀತದಲ್ಲಿ ಪಳಗಿದವರು ಇದು ಯಾವ ರಾಗವೆಂದು ಹುಡುಕಲು ಹೊರಟರೆ ದಾರಿ ತಪ್ಪುತ್ತಾರೆ. ಒಂದು ರಾಗದ ನೆರಳು ಬಿದ್ದಂತೆ ಕಂಡು, ಹಿಡಿಯುವಷ್ಟರಲ್ಲಿ ಸರಿದುಹೋಗುತ್ತದೆ. ಅದನ್ನು ದೋಷವೆಂದು ನಾನೆಣಿಸುವುದಿಲ್ಲ. ರಾಗ ನುಡಿಸುತ್ತೇವೆಂದು ಅವರು ಹೇಳಿಕೊಂಡಿಲ್ಲ.

ಆ ಸ್ವರಗುಚ್ಛ ಎಷ್ಟು ಸುತ್ತು ಬರಬೇಕು, ಯಾವ ಸುತ್ತಿನಲ್ಲಿ ಬಾಸ್ ಒಳಗೆ ಬರಬೇಕು, ಯಾವಾಗ ತಬಲಾ ಸುಮ್ಮನಾಗಿ ಡ್ರಮ್ಮಿಗೆ ಎಡೆಗೊಡಬೇಕು: ಸಂಗೀತವೆಲ್ಲ ಇರುವುದು ಈ ತೀರ್ಮಾನಗಳಲ್ಲಿ. ಹೆಸರಿಗೆ ಕಾರಣವಾದ ರಚನೆಯನ್ನೇ ಕೇಳಿ. ಅವಸರವಿಲ್ಲದ ಆರಂಭ. ಒಬ್ಬನು ಒಂದು ಮಾತು ಹೇಳಿ ನಿಲ್ಲಿಸಿದ ಮೇಲೆ ಉಳಿದವರು ಕೂಡಲೇ ಬಾಯಿ ಹಾಕುವುದಿಲ್ಲ. ಆ ಮಾತು ಗಾಳಿಯಲ್ಲಿ ತುಸು ಹೊತ್ತು ನಿಲ್ಲಲು ಬಿಡುತ್ತಾರೆ. ಆಮೇಲೆ ಒಬ್ಬೊಬ್ಬರಾಗಿ ಸೇರುತ್ತಾರೆ, ನಡೆ ಬಿಗಿಯಾಗುತ್ತದೆ. ಹೀಗೆ ಸೇರುವಾಗ ಒಬ್ಬರಿಗೊಬ್ಬರು ಕಿವಿಗೊಡುವುದು ನಮಗೆ ಕೇಳಿಸುತ್ತದೆ. ಸ್ಟುಡಿಯೋದಲ್ಲಿ ಒಂದೊಂದು ವಾದ್ಯವನ್ನು ಒಂದೊಂದು ದಿನ ಮುದ್ರಿಸಿ ಪದರ ಪದರವಾಗಿ ಹೊಂದಿಸುವವರು ಇದನ್ನು ಕೊಡಲಾರರು. ಅಲ್ಲಿ ಎಲ್ಲರೂ ಎಲ್ಲರನ್ನೂ ಕೇಳುವುದು ಸಾಧ್ಯವೇ ಇಲ್ಲ. ಮೊದಲು ಮುದ್ರಿಸಿದವನು ಕೊನೆಗೆ ಮುದ್ರಿಸಿದವನನ್ನು ಕೇಳಿರುವುದಿಲ್ಲ.

ಅಶೀಮ್ ಚಕ್ರವರ್ತಿಯವರ ಬಗ್ಗೆ ಬೇರೆಯಾಗಿ ಹೇಳಬೇಕು. ತಬಲಾ ನುಡಿಸುತ್ತಲೇ ಹಾಡುವವರು ಅವರು. ನಮ್ಮಲ್ಲಿ ಭಾಗವತರು ಹಾಡಿಗೂ ತಾಳಕ್ಕೂ ಒಡೆಯರು ನಿಜ, ಆದರೆ ಮದ್ದಳೆ ಇನ್ನೊಬ್ಬರ ಕೈಯಲ್ಲಿರುತ್ತದೆ. ಹಾಡಿಗೂ ಬಡಿತಕ್ಕೂ ನಡುವೆ ಒಂದು ಸ್ನೇಹದ ಜಗಳ ಅಲ್ಲಿ ಸದಾ ಇರುತ್ತದೆ. ಉಸಿರೂ ಪೆಟ್ಟೂ ಒಂದೇ ಮೈಯಿಂದ ಬಂದಾಗ ಆ ಜಗಳ ಇಲ್ಲವಾಗುತ್ತದೆ. ಉಸಿರು ಎಲ್ಲಿ ಮುಗಿಯುತ್ತದೆಂದು ಕೈಗೆ ಮೊದಲೇ ಗೊತ್ತು. ಮಾತಿಲ್ಲದ ಆಲಾಪಗಳಲ್ಲಿ ಇದು ಚೆನ್ನಾಗಿ ತೋರುತ್ತದೆ. ಕಂಠ ತರಬೇತಿಯಿಂದ ನಯವಾದದ್ದಲ್ಲ. ತುಸು ಒರಟು, ತುಸು ಹೊಗೆ ಹಿಡಿದಂತೆ, ಆದರೆ ಹೇಳಬೇಕಾದದ್ದು ಏನೋ ಇದೆಯೆಂಬ ನಂಬಿಕೆ ಹುಟ್ಟಿಸುವ ಕಂಠ.

ಇನ್ನು ಬಾಸ್ ಗಿಟಾರು. ನಮ್ಮ ಸಂಗೀತದಲ್ಲಿ ಇದಕ್ಕೆ ಸಮನಾದ ವಾದ್ಯ ಇಲ್ಲ. ತಂಬೂರಿ ಶ್ರುತಿಯನ್ನು ಹಿಡಿದು ನಿಲ್ಲುತ್ತದೆ, ಅಲುಗುವುದಿಲ್ಲ. ಬಾಸ್ ಗಿಟಾರು ನಡೆದಾಡುವ ತಂಬೂರಿ. ಸಾಮಾನ್ಯ ರಾಕ್ ತಂಡಗಳಲ್ಲಿ ಅದು ಮನೆಯ ಪಂಚಾಂಗದ ಹಾಗೆ. ಭಾರ ಹೊರುತ್ತದೆ, ಯಾರ ಕಣ್ಣಿಗೂ ಬೀಳುವುದಿಲ್ಲ. ರಾಹುಲ್ ರಾಮರು ಅದನ್ನು ನೆಲದ ಮೇಲಕ್ಕೆ ತಂದು ಹಾಡಿಸುತ್ತಾರೆ. 'ಬೋಲ್ ವೀವಿಲ್' ಎಂಬ ರಚನೆಯಲ್ಲಿ ಮಂದ್ರದ ತಂತಿಗಳು ಹಾಕಿಕೊಟ್ಟ ನಡೆಯ ಮೇಲೆಯೇ ಉಳಿದವರು ಮನೆ ಕಟ್ಟುತ್ತಾರೆ. ಹತ್ತಿ ಬೆಳೆಗೆ ಬೀಳುವ ಹುಳುವಿನ ಹೆಸರನ್ನು ಇದಕ್ಕೆ ಏಕಿಟ್ಟರೋ! ಈ ತಂಡದ ಮೊದಲ ದಿನಗಳ ಇಂಗ್ಲಿಷ್ ಶೀರ್ಷಿಕೆಗಳಿಗೂ ಅವುಗಳ ಕೆಳಗಿನ ಸಂಗೀತಕ್ಕೂ ಇರುವ ಸಂಬಂಧ ನನಗೆ ತಿಳಿಯದ ಸಂಗತಿಗಳಲ್ಲಿ ಒಂದು.

ಹೊಗಳಿಕೆಯಷ್ಟೇ ಆದರೆ ವಿಮರ್ಶೆಯಾಗದು. ಈ ಮುದ್ರಿಕೆಯಲ್ಲಿ ಬೇಸರ ತರುವ ಎರಡು ಅಂಶಗಳಿವೆ. ತಬಲಾವೂ ಡ್ರಮ್ಮೂ ಒಟ್ಟಿಗೆ ಜೋರು ಹಿಡಿದಾಗ ತಬಲಾ ಸೋಲುತ್ತದೆ. ಬೆರಳು ಮಾಡುವ ಸೂಕ್ಷ್ಮ ಕೆಲಸ ಕೋಲಿನ ಪೆಟ್ಟಿನಡಿ ಹುದುಗಿಹೋಗುತ್ತದೆ. ನಮ್ಮ ಹಿಮ್ಮೇಳದವರು ಈ ತೊಡಕನ್ನು ಬಹಳ ಹಿಂದೆಯೇ ಬಿಡಿಸಿಕೊಂಡಿದ್ದಾರೆ. ಶೃಂಗಾರಕ್ಕೂ ಕರುಣಕ್ಕೂ ಮದ್ದಳೆ ಸಾಕು, ಚೆಂಡೆ ಕೋಲು ಕೆಳಗಿಟ್ಟು ಕಾಯುತ್ತದೆ. ವೀರ ರೌದ್ರಗಳಿಗೆ ಚೆಂಡೆ ಏರಿದಾಗ ಮದ್ದಳೆ ತನ್ನ ಪಾಲನ್ನು ಅರಿತು ಹಿಂದೆ ನಿಲ್ಲುತ್ತದೆ. ಈ ಹಂಚಿಕೆ 1997ರ ಇಂಡಿಯನ್ ಓಷನ್ ತಂಡಕ್ಕೆ ಪೂರ್ತಿ ಕೈವಶವಾಗಿರಲಿಲ್ಲ. ಎರಡನೆಯದು ಇನ್ನೂ ದೊಡ್ಡ ದೋಷ. ಇವರ ರಚನೆಗಳು ನಿಧಾನವಾಗಿ ಹೊರಟು ವೇಗಕ್ಕೆ ಏರಿ ಉತ್ಕರ್ಷದಲ್ಲಿ ಮುಗಿಯುವುದನ್ನು ಚಾಳಿ ಮಾಡಿಕೊಂಡಿವೆ. ಒಂದು ಸಲ ಚೆನ್ನ, ಎರಡನೆಯ ಸಲವೂ ಸರಿ. ಆಮೇಲೆ ಕೇಳುವವನಿಗೆ ಮುಂದಿನ ತಿರುವು ಮೊದಲೇ ಗೊತ್ತಾಗಿ ಹೋಗುತ್ತದೆ. ಬಯಲಿನಲ್ಲಿ ನಿಂತವನಿಗೆ ಆ ಏರಿಕೆ ರೋಮಾಂಚನ ತಂದಿರಬೇಕು, ಮನೆಯಲ್ಲಿ ಕುಳಿತವನಿಗೆ ಅಷ್ಟಾಗಿ ತರುವುದಿಲ್ಲ. ಜನರೆದುರು ಹುಟ್ಟಿದ ಕಾಲ ಯಾವಾಗಲೂ ಒಳ್ಳೆಯ ಕಾಲವೇ ಆಗಿರಬೇಕೆಂದಿಲ್ಲ. ಜನರನ್ನು ಕಂಡು ಪದ್ಯವನ್ನು ಅನಾವಶ್ಯಕವಾಗಿ ಎಳೆಯುವ ಭಾಗವತರನ್ನು ನಾವೂ ಕಂಡಿದ್ದೇವಷ್ಟೆ.

ಪಶ್ಚಿಮದ ರಾಕ್ ತಂಡಗಳು ನೇರ ಮುದ್ರಿಕೆಯ ಈ ತೊಡಕನ್ನು ನಾನಾ ರೀತಿಯಲ್ಲಿ ಎದುರಿಸಿವೆ. ಡೀಪ್ ಪರ್ಪಲ್ ತಂಡ 1972ರ ಆಗಸ್ಟಿನಲ್ಲಿ ಒಸಾಕಾ ಮತ್ತು ಟೋಕಿಯೊ ನಗರಗಳಲ್ಲಿ ನುಡಿಸಿದ್ದು 'ಮೇಡ್ ಇನ್ ಜಪಾನ್' ಎಂದು ಹೊರಬಂದು, ನೇರ ಮುದ್ರಿಕೆಗೆ ಮೇಲ್ಪಂಕ್ತಿಯಾಯಿತು. ಪಿಂಕ್ ಫ್ಲಾಯ್ಡ್ ತಂಡದವರು 1971ರಲ್ಲಿ ಪಾಂಪೆಯ ಪಾಳುಬಿದ್ದ ರಂಗಮಂದಿರದಲ್ಲಿ ಸಭಿಕರೇ ಇಲ್ಲದೆ, ಕಲ್ಲಿನ ಮೆಟ್ಟಿಲುಗಳ ಎದುರು ನುಡಿಸಿ ಚಿತ್ರವಾಗಿಸಿದರು. ಕಿಂಗ್ ಕ್ರಿಮ್ಸನ್ ತಂಡದ ಉಪಾಯ ಇನ್ನೂ ಸ್ವಾರಸ್ಯದ್ದು. 1974ರ 'ಸ್ಟಾರ್‌ಲೆಸ್ ಅಂಡ್ ಬೈಬಲ್ ಬ್ಲ್ಯಾಕ್' ಎಂಬ ಮುದ್ರಿಕೆಯ ಹೆಚ್ಚು ಭಾಗ ಕಛೇರಿಗಳಲ್ಲಿ ಹಿಡಿದದ್ದೇ. ಚಪ್ಪಾಳೆಯನ್ನು ಜಾಣತನದಿಂದ ಕತ್ತರಿಸಿ ತೆಗೆದು ಸ್ಟುಡಿಯೋ ಮುದ್ರಿಕೆಯೆಂಬಂತೆ ಕೊಟ್ಟರು. ಮರುವರ್ಷದ 'ಯು.ಎಸ್.ಎ.' ಎಂಬ ನೇರ ಮುದ್ರಿಕೆಯಲ್ಲಿ ಕಛೇರಿಯಲ್ಲಿ ಇಲ್ಲದ ಪಿಟೀಲುಗಾರನನ್ನು ತಂದು ಆಮೇಲೆ ನುಡ್ಸಿ ಸೇರಿಸಿದ್ದೂ ಉಂಟು. ನೇರವೆಂಬ ಮಾತಿನೊಳಗೆ ಎಷ್ಟು ಕೈಚಳಕ ಅಡಗಿರಬಹುದೆಂಬುದಕ್ಕೆ ಇವು ನಿದರ್ಶನ. ಆದರೂ ಕಿಂಗ್ ಕ್ರಿಮ್ಸನ್ನಿನ ಮೊದಲ ಉಪಾಯದಲ್ಲಿ ಒಂದು ತಿಳಿವು ಇದೆ. ಅವರಿಗೆ ಬೇಕಾಗಿದ್ದುದು ಜನರ ಸದ್ದಲ್ಲ. ಜನರೆದುರು ನುಡಿಸುವಾಗ ಬೆರಳುಗಳಿಗೆ ಬರುವ ಹೊಣೆಗಾರಿಕೆ. ಅದನ್ನು ಇಟ್ಟುಕೊಂಡರು, ಉಳಿದದ್ದನ್ನು ಬಿಟ್ಟರು.

ತಂಡದ ಕೀರ್ತಿ ದೇಶವೆಲ್ಲ ಹಬ್ಬಿದ್ದು ಈ ಮುದ್ರಿಕೆಯಿಂದಲ್ಲ. 2000ದಲ್ಲಿ ಟೈಮ್ಸ್ ಮ್ಯೂಸಿಕ್ ಹೊರತಂದ 'ಕಂದೀಸ' ಮುದ್ರಿಕೆಯಿಂದ. ಅಲ್ಲಿಯ ಹೆಸರಿನ ಹಾಡು ಕೇರಳದ ಸಿರಿಯನ್ ಕ್ರೈಸ್ತರ ಪ್ರಾಚೀನ ಸ್ತುತಿ, 'ಮಾ ರೇವಾ' ನರ್ಮದಾ ಕಣಿವೆಯ ಜನ ಹಾಡುವ ನದಿಯ ಪದ. ಆಮೇಲೆ 2003ರಲ್ಲಿ 'ಝೀನಿ', 2005ರಲ್ಲಿ 'ಬ್ಲ್ಯಾಕ್ ಫ್ರೈಡೆ' ಚಿತ್ರದ ಸಂಗೀತ. 'ಕಂದೀಸ' ಕೇಳಿ 'ಡೆಸರ್ಟ್ ರೇನ್'ಗೆ ಬರುವವರಿಗೆ ನಿರಾಶೆಯಾಗುವುದು ಸಹಜ. ಅಲ್ಲಿ ಮಾತಿದೆ, ಇಲ್ಲಿ ಇಲ್ಲವೆನ್ನುವಷ್ಟು ಕಡಮೆ. ಅಲ್ಲಿ ವಾದ್ಯಗಳು ತಂತಮ್ಮ ಜಾಗದಲ್ಲಿ ಚೊಕ್ಕವಾಗಿ ಕುಳಿತಿವೆ, ಇಲ್ಲಿ ಒಂದರ ಮೇಲೊಂದು ಒರಗುತ್ತವೆ. ರಚನೆಯ ದೃಷ್ಟಿಯಿಂದ ನೋಡಿದರೆ 'ಕಂದೀಸ' ಮೇಲು, ಇದರಲ್ಲಿ ವಾದವಿಲ್ಲ. ಆದರೆ ಅದರಲ್ಲಿ ಹಾಡುಗಳು ಎಲ್ಲಿ ಮುಗಿಯುತ್ತವೆಂಬುದನ್ನು ಮೊದಲೇ ತಿಳಿದು ಹಾಡುತ್ತವೆ. 'ಡೆಸರ್ಟ್ ರೇನ್' ನುಡಿಸುತ್ತಿರುವ ನಾಲ್ವರಿಗೆ ಅದು ತಿಳಿದಂತಿಲ್ಲ. ಹಾದಿ ಮುಗಿಯುವುದು ಎಲ್ಲಿ ಎಂದು ನಡೆಯುತ್ತ ನಡೆಯುತ್ತ ಕಂಡುಕೊಳ್ಳುವವರ ಜೊತೆ ಹೆಜ್ಜೆ ಹಾಕುವ ಆಸೆಯುಳ್ಳವರಿಗೆ ಹಳೆಯದೇ ಹೆಚ್ಚು ರುಚಿಸೀತು. ನನಗೆ ರುಚಿಸಿದ್ದು ಹಳೆಯದು.

ಇಂದು ಈ ಮುದ್ರಿಕೆಗೆ ಇನ್ನೊಂದು ಭಾರ ಕೂಡಿಕೊಂಡಿದೆ. 2009ರ ಡಿಸೆಂಬರ್ 25ರಂದು ಅಶೀಮ್ ಚಕ್ರವರ್ತಿ ಹೃದಯಾಘಾತದಿಂದ ತೀರಿಕೊಂಡರು. ಅವರ ಕಂಠವಿರುವ ಹಾಡುಗಳನ್ನು ತಂಡದವರು 2010ರಲ್ಲಿ '16/330 ಖಜೂರ್ ರೋಡ್' ಎಂಬ ಹೆಸರಿನಲ್ಲಿ, ತಾವು ಅಭ್ಯಾಸ ನಡೆಸುತ್ತಿದ್ದ ದೆಹಲಿಯ ಹಳೆಯ ಮನೆಯ ವಿಳಾಸವನ್ನೇ ಹೆಸರಾಗಿಟ್ಟು, ತಿಂಗಳಿಗೊಂದರಂತೆ ಅಂತರ್ಜಾಲದಲ್ಲಿ ಉಚಿತವಾಗಿ ಹಂಚಿದರು. 2013ರಲ್ಲಿ ಸುಸ್ಮಿತ್ ಸೇನ್ ತಂಡ ಬಿಟ್ಟರು. ಹೊಸಬರು ಬಂದರು, 2014ರಲ್ಲಿ 'ತಂದಾನು', 2023ರಲ್ಲಿ 'ತೂ ಹೈ' ಬಂದವು. ಆ ನಾಲ್ವರಲ್ಲಿ ಉಳಿದವರು ರಾಹುಲ್ ರಾಮ್ ಮತ್ತು ಅಮಿತ್ ಕಿಲಮ್ ಇಬ್ಬರೇ. ಹೆಸರು ಅದೇ ಇರುವಾಗ ಇದು ಅದೇ ತಂಡವೇ ಎಂದು ಇಂಗ್ಲೆಂಡ್ ಅಮೆರಿಕಗಳಲ್ಲಾದರೆ ಅಭಿಮಾನಿಗಳು ಹೊಡೆದಾಡುತ್ತಾರೆ. ಹೆಸರಿನ ಹಕ್ಕಿಗಾಗಿ ತಂಡದವರೇ ನ್ಯಾಯಾಲಯದ ಮೆಟ್ಟಿಲು ಹತ್ತುವುದುಂಟು. ನಮಗೆ ಈ ಸಮಸ್ಯೆ ಅಷ್ಟು ಕಾಡದು. ಮೇಳದ ಹೆಸರು ದೇವಸ್ಥಾನದ್ದೋ ಯಜಮಾನರದ್ದೋ ಆಗಿರುತ್ತದೆ, ಭಾಗವತರು ಬದಲಾಗುತ್ತಾರೆ, ವೇಷಧಾರಿಗಳು ಬೇರೆ ಮೇಳ ಸೇರುತ್ತಾರೆ, ಆಟ ನಡೆಯುತ್ತದೆ. ನಾವಡರಿಲ್ಲದ ಸಾಲಿಗ್ರಾಮ ಮೇಳವೂ ತಿರುಗಾಟ ಮಾಡಿತು. ಹೊಸ ಭಾಗವತರು ಅದೇ ಪ್ರಸಂಗದ ಅದೇ ಪದ್ಯವನ್ನು ಎತ್ತಿಕೊಂಡರು. ಆದರೆ ಸಾಲನ್ನು ಎಷ್ಟು ಸಲ ತಿರುಗಿಸಬೇಕೆಂಬ ಲೆಕ್ಕವನ್ನು ಅವರು ತಮ್ಮದೇ ಕಣ್ಣಿನಿಂದ ನೋಡಿ ಹಾಕಬೇಕಾಯಿತು. ಇಂಡಿಯನ್ ಓಷನ್ ತಂಡದ ಈಗಿನವರು ಹಳೆಯ ರಚನೆಗಳನ್ನು ನುಡಿಸುವಾಗಲೂ ಇಷ್ಟೇ ಆಗುವುದು, ಆಗಬೇಕಾದದ್ದೂ ಇಷ್ಟೇ. 1997ರ ಆ ಲೆಕ್ಕ ಮಾತ್ರ ಈ ಮುದ್ರಿಕೆಯಲ್ಲಿದೆ.

ಕಾಲದ ಮಾತು ಇಲ್ಲಿ ನಮಗೂ ಬಿಸಿಯಾಗಿಯೇ ತಟ್ಟುತ್ತದೆ. ಇರುಳಿಡೀ ನಡೆಯುತ್ತಿದ್ದ ಆಟಗಳು ಒಂದೊಂದಾಗಿ ಕಾಲಮಿತಿಗೆ ಬಂದಿವೆ. ಮರುದಿನ ಆಫೀಸಿಗೆ ಹೋಗಬೇಕಾದವನಿಗೆ ಅನುಕೂಲವೆಂಬುದು ನಿಜ. ಮಧ್ಯರಾತ್ರಿಯೊಳಗೆ ಮನೆ ಸೇರುವ ಸುಖವನ್ನು ನಾನೂ ಅನುಭವಿಸಿದ್ದೇನೆ. ಆದರೆ ಭಾಗವತರ ಕಣ್ಣು ಈಗ ವೇಷಧಾರಿಯ ಕಾಲಿನ ಕಡೆಗೆ ಎಷ್ಟು ಹೊತ್ತು, ಗಡಿಯಾರದ ಕಡೆಗೆ ಎಷ್ಟು ಹೊತ್ತು ಎಂಬುದನ್ನು ರಂಗಸ್ಥಳದ ಮುಂದೆ ಕುಳಿತವರು ಗಮನಿಸಿಯೇ ಇದ್ದಾರೆ. ಸ್ಟುಡಿಯೋದ ಗೋಡೆಗಡಿಯಾರ ಬಯಲಿಗೂ ಬಂದಿದೆ. ಇನ್ನು ಇಪ್ಪತ್ತು ವರ್ಷದ ಬಳಿಕ ಯಾರಾದರೂ ಈಗಿನ ಆಟದ ಮುದ್ರಿಕೆಯನ್ನು ಕೇಳಿದರೆ ಅವರಿಗೆ ಎಂಥ ಕಾಲ ಕೇಳಿಸೀತು? ಇರುಳಿಡೀ ನಡೆದ ಹಳೆಯ ಆಟಗಳ ಟೇಪುಗಳು ಇನ್ನೂ ಕೆಲವರ ಕಪಾಟುಗಳಲ್ಲಿ ಉಳಿದಿವೆ, ಬೂಸಲು ಹಿಡಿಯುತ್ತಿವೆ. ಒಂದಷ್ಟನ್ನು ಅಭಿಮಾನಿಗಳು ಅಂತರ್ಜಾಲಕ್ಕೆ ಏರಿಸಿದ್ದಾರೆ. ಏರಿಸುವಾಗ, ಕೇಳುವವರಿಗೆ ಬೇಸರವಾದೀತೆಂದು ಪುನರುಕ್ತಿಗಳನ್ನು ಕತ್ತರಿಸಿದವರೂ ಇದ್ದಾರೆ. ಕತ್ತರಿಸಿದ್ದು ಯಾವುದನ್ನು ಎಂದು ಅವರಿಗೆ ಹೇಳುವವರು ಬೇಕಾಗಿದೆ.

'ಡೆಸರ್ಟ್ ರೇನ್' ಈಗ ಅಂತರ್ಜಾಲದಲ್ಲಿ ಸುಲಭವಾಗಿ ಸಿಗುತ್ತದೆ. ಕೇಳುವವರಿಗೆ ಒಂದು ಸೂಚನೆ. ಮೊಬೈಲ್ ಫೋನಿನ ಪುಟ್ಟ ಬಾಯಿಯಿಂದ ಕೇಳಬೇಡಿ. ಅದರಲ್ಲಿ ಮಂದ್ರದ ನಾದ ಹೊರಡುವುದೇ ಇಲ್ಲ. ಹೊಳೆನರಸೀಪುರದವರ ಮೊಮ್ಮಗ ಅಲ್ಲಿ ಇದ್ದಾರೆಂಬುದೇ ತಿಳಿಯದೆ ಮುದ್ರಿಕೆ ಮುಗಿದುಹೋಗುತ್ತದೆ. ಒಳ್ಳೆಯ ಸ್ಪೀಕರಿರುವ ಸ್ನೇಹಿತರ ಮನೆಗೆ ಒಂದು ಸಂಜೆ ಹೋಗಿ, ಹೆಸರಿನ ರಚನೆಯಿಂದ ಆರಂಭಿಸಿ, 'ಬೋಲ್ ವೀವಿಲ್' ಕೇಳಿ. ಎಲ್ಲವನ್ನೂ ಒಂದೇ ಸಂಜೆ ಮುಗಿಸಬೇಕೆಂಬ ಹಟ ಬೇಡ. ಉಳಿದದ್ದು ಇನ್ನೊಂದು ದಿನಕ್ಕಿರಲಿ.